ಏಳು ಮನೆಯ ಅನ್ನ

ಕನ್ನಡದ ಹಿರಿಯ ತಲೆಮಾರಿನವರ ಆತ್ಮಕಥೆಗಳನ್ನು ತಿರುವಿ ಹಾಕಿದರೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ವಾರಾನ್ನ. ಇಂದಿನ ಕಾಲೇಜು ಹುಡುಗರಲ್ಲಿ ಹಲವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗುತ್ತದೆ. ವಾರಕ್ಕೊಮ್ಮೆ ದೇವಸ್ಥಾನದಲ್ಲಿ ನಡೆಯುವ ಅನ್ನದಾನವೇ ಎಂದು ಕೇಳುವವರೂ ಇದ್ದಾರೆ. ವಾರಾನ್ನ ಅದಲ್ಲ. ಓದಬೇಕೆಂಬ ಹಟವಿದ್ದು, ಉಣ್ಣಲು ಗತಿಯಿಲ್ಲದ ಹುಡುಗರು ತಮ್ಮ ಹಸಿವಿಗೆ ತಾವೇ ಕಂಡುಕೊಂಡ ಒಂದು ಏರ್ಪಾಡು ಅದು. ಸರ್ಕಾರದ ಆದೇಶವಿಲ್ಲ, ಸಂಘದ ನಿಯಮಾವಳಿ ಇಲ್ಲ, ಲೆಕ್ಕಪುಸ್ತಕವೂ ಇಲ್ಲ. ಆದರೂ ಒಂದು ಕಾಲದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಂಥ ಊರುಗಳಲ್ಲಿ ಅನೇಕ ಹುಡುಗರ ಓದು ನಡೆದದ್ದು ಇದರ ಮೇಲೆಯೇ.

ಹಳ್ಳಿಯ ಶಾಲೆ ಮುಗಿಸಿದ ಬಡ ಹುಡುಗ ಹೈಸ್ಕೂಲಿಗೋ ಕಾಲೇಜಿಗೋ ಪಟ್ಟಣಕ್ಕೆ ಬರುತ್ತಾನೆ. ಫೀಜಿಗೆ ಹೇಗೋ ಅರ್ಧ ಫ್ರೀಷಿಪ್ ಸಿಕ್ಕಿದೆ. ಮಲಗಲು ದೇವಸ್ಥಾನದ ಪ್ರಾಕಾರವೋ, ಛತ್ರದ ಮೂಲೆಯೋ, ಪರಿಚಿತರ ಮನೆಯ ಜಗಲಿಯೋ ಇದೆ. ಇಲ್ಲದ್ದು ಊಟ. ಆಗ ಅವನು ಏಳು ಮನೆಗಳನ್ನು ಹುಡುಕುತ್ತಾನೆ. ಸೋಮವಾರಕ್ಕೆ ವಕೀಲರ ಮನೆ, ಮಂಗಳವಾರಕ್ಕೆ ಮೇಷ್ಟರ ಮನೆ, ಬುಧವಾರಕ್ಕೆ ಅರ್ಚಕರ ಮನೆ, ಹೀಗೆ ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆ. ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಹೋಗಿ ಊಟ ಮಾಡಿ ಬರುವುದು. ಹಳೇ ಮೈಸೂರಿನಲ್ಲಿ ಇದಕ್ಕೆ ‘ವಾರಾನ್ನ ಗೊತ್ತು ಮಾಡಿಕೊಳ್ಳುವುದು’ ಎಂದರೆ, ಧಾರವಾಡದ ಕಡೆ ‘ವಾರ ಹಚ್ಚಿಕೊಳ್ಳುವುದು’ ಎನ್ನುತ್ತಿದ್ದರು. ಮನೆಯವರ ಬಾಯಲ್ಲಿ ಅವನು ‘ವಾರದ ಹುಡುಗ’.

ಇದರ ಜಾಣತನ ಇರುವುದು ಲೆಕ್ಕದಲ್ಲಿ. ಒಬ್ಬ ಹುಡುಗನನ್ನು ವರ್ಷವಿಡೀ ಸಾಕಲು ಮಧ್ಯಮವರ್ಗದ ಯಾವ ಮನೆಯೂ ಸುಲಭವಾಗಿ ಒಪ್ಪದು. ವಾರಕ್ಕೆ ಒಂದು ದಿನ ಒಂದು ಎಲೆ ಹೆಚ್ಚು ಹಾಕು ಎಂದರೆ ಇಲ್ಲವೆನ್ನುವುದೂ ಸುಲಭವಲ್ಲ. ಏಳು ಜನರ ಮಾಮೂಲಿ ಅಡುಗೆಯಲ್ಲಿ ಎಂಟನೆಯವನ ಪಾಲು ಹೊರಡುತ್ತದೆ. ಸಾರಿಗೆ ಒಂದು ಲೋಟ ನೀರು ಹೆಚ್ಚಾದೀತು, ಅಷ್ಟೆ. ಹೊರೆಯನ್ನು ಏಳು ಪಾಲು ಮಾಡಿದಾಗ ಯಾರಿಗೂ ಅದು ಹೊರೆ ಎನಿಸುವುದಿಲ್ಲ. ಈ ಭಾಗಾಕಾರವನ್ನು ಮಾಡುತ್ತಿದ್ದವನು ಸಮಾಜಸೇವಕನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ; ಹದಿಮೂರು ಹದಿನಾಲ್ಕು ವರ್ಷದ ಹುಡುಗ.

ಏಳು ಮನೆ ಕೂಡಿಸುವುದು ಕೇಳಿದಷ್ಟು ಸಲೀಸಾಗಿರಲಿಲ್ಲ. ನಾಲ್ಕು ಸಿಕ್ಕಿ ಮೂರು ಸಿಗದಿದ್ದರೆ ಮೂರು ದಿನ ಉಪವಾಸ, ಇಲ್ಲವೇ ಹುರಿಗಡಲೆ ಮತ್ತು ನಲ್ಲಿ ನೀರು. ಸಿಕ್ಕ ಮನೆಯಲ್ಲೂ ನೂರೆಂಟು ತೊಡಕು. ಏಕಾದಶಿ ಆ ವಾರವೇ ಬಿದ್ದರೆ ಆಚಾರವಂತರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮನೆಗೆ ಸೂತಕ ಬಂದರೆ ಹತ್ತು ದಿನ ಆ ಬಾಗಿಲು ಮುಚ್ಚಿದ ಹಾಗೆ. ಯಜಮಾನರಿಗೆ ವರ್ಗವಾದರಂತೂ ಒಂದು ವಾರವೇ ಕೈಬಿಟ್ಟು ಹೋಯಿತು. ಪರೀಕ್ಷೆ ಹತ್ತಿರವಿರುವಾಗ ಹೊಸ ಮನೆ ಹುಡುಕಬೇಕು. ಇಂಥ ಕಡೆ ಹುಡುಗರು ಒಬ್ಬರಿಗೊಬ್ಬರು ಆಗುತ್ತಿದ್ದರು. ಪರೀಕ್ಷೆ ಮುಗಿಸಿ ಊರು ಬಿಡುವ ಹಿರಿಯ ವಿದ್ಯಾರ್ಥಿ ತನ್ನ ಮನೆಗಳನ್ನು ಕಿರಿಯನಿಗೆ ಒಪ್ಪಿಸಿ ಹೋಗುತ್ತಿದ್ದ. ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಎಲೆ ಹಾಕುತ್ತಾರೆ, ಯಾವ ಅಮ್ಮನಿಗೆ ಬಾವಿಯಿಂದ ಎರಡು ಕೊಡ ನೀರು ಸೇದಿಕೊಟ್ಟರೆ ಸಂತೋಷ, ಎಲ್ಲಿ ಎರಡನೆಯ ಸಲ ಅನ್ನ ಕೇಳಬಾರದು ಎಂಬ ಗುಟ್ಟುಗಳೂ ಜೊತೆಗೇ ಸಲ್ಲುತ್ತಿದ್ದವು. ಪಾಠಪುಸ್ತಕಗಳು ಕೈಯಿಂದ ಕೈಗೆ ಹೋಗುವ ಹಾಗೆ ವಾರದ ಮನೆಗಳೂ ಹೋಗುತ್ತಿದ್ದವು.

ಇಷ್ಟೂ ಅನುಕೂಲವಿಲ್ಲದವರು ಜೋಳಿಗೆ ಹಿಡಿದು ಹತ್ತಾರು ಮನೆಗಳ ಮುಂದೆ ನಿಂತು ಬೇಯಿಸಿದ ಅನ್ನವನ್ನು ಸ್ವಲ್ಪ ಸ್ವಲ್ಪವೇ ಕೂಡಿಸುತ್ತಿದ್ದರು. ಇದಕ್ಕೆ ಮಧುಕರಿ ಎಂಬ ಸೊಗಸಾದ ಹೆಸರಿದೆ. ದುಂಬಿ ಹೂವಿನಿಂದ ಹೂವಿಗೆ ಹಾರಿ ಮಧು ಕೂಡಿಸುವುದು ಇಲ್ಲಿನ ಹೋಲಿಕೆ. ಹೆಸರು ಸೊಗಸಾದರೂ ಐದು ಮನೆಯ ಸಾರು ಒಂದೇ ಪಾತ್ರೆಯಲ್ಲಿ ಬೆರೆತಾಗ ಅದರ ರುಚಿ ಹೇಗಿರುತ್ತದೆಂಬುದು ಉಂಡವರಿಗೇ ಗೊತ್ತು. 2025ರಲ್ಲಿ ನಿಧನರಾದ ಎಸ್.ಎಲ್. ಭೈರಪ್ಪನವರು 1996ರಲ್ಲಿ ಪ್ರಕಟವಾದ ಆತ್ಮಕಥೆ ‘ಭಿತ್ತಿ’ಯಲ್ಲಿ ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡದ್ದನ್ನೂ, ಭಿಕ್ಷಾನ್ನ, ವಾರಾನ್ನಗಳಲ್ಲಿ ಓದಿದ್ದನ್ನೂ ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾರೆ. ಅದಕ್ಕೂ ಬಹಳ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದ ವಿಶ್ವೇಶ್ವರಯ್ಯನವರು ಬೇರೆ ದಾರಿ ಹಿಡಿದಿದ್ದರು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಅದರಿಂದ ತಮ್ಮ ಓದು ನಡೆಸಿದರು. ವಾರದ ಹುಡುಗರಲ್ಲೂ ಅನೇಕರು ಉಂಡ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೋ, ಪೇಟೆಯಿಂದ ಸಾಮಾನು ತಂದುಕೊಟ್ಟೋ ಅನ್ನದ ಋಣವನ್ನು ಅಷ್ಟಿಷ್ಟು ಹಗುರ ಮಾಡಿಕೊಳ್ಳುತ್ತಿದ್ದರು.

ಮದುವೆಗೆ ಐದು ನಾಣ್ಯ

ಓದುವ ಹುಡುಗನಿಗೆ ಊರು ಅನ್ನ ಹಾಕಬೇಕೆಂಬ ಕಲ್ಪನೆ ನಮ್ಮಲ್ಲಿ ತುಂಬ ಹಳೆಯದು. ಉಪನಯನದಲ್ಲಿ ವಟು ಮೊದಲ ಭಿಕ್ಷೆ ಬೇಡುವುದು ತನ್ನ ತಾಯಿಯಲ್ಲೇ. ಇಂದು ಅದು ಫೋಟೋ ತೆಗೆಯುವ ಸಂದರ್ಭವಾಗಿ ಉಳಿದಿದೆ. ಮೂಲದಲ್ಲಿ ಅದು ಗುರುಕುಲಕ್ಕೆ ಹೊರಟ ಹುಡುಗನಿಗೆ ಮುಂದಿನ ವರ್ಷಗಳ ಊಟದ ದಾರಿ ತೋರಿಸುವ ಅಭ್ಯಾಸಪಾಠ.

ಶಾಸನಗಳಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣ ಎಂಬವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ಆಗ ಆ ಊರಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ನಾಡುಗಳಿಂದ ಅಲ್ಲಿಗೆ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ಭೂಮಿ ದತ್ತಿಯ ವಿಷಯ ಎಲ್ಲ ಶಾಸನಗಳಲ್ಲೂ ಇರುವಂಥದೇ. ಸಾಲೋಟಗಿಯ ವಿಶೇಷ ಇನ್ನೊಂದಿದೆ. ಊರಿನಲ್ಲಿ ಮದುವೆ ನಡೆದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ ಎರಡೂವರೆ, ಚೌಲವಾದರೆ ಒಂದೂಕಾಲು, ಹೀಗೆ ಮನೆಯ ಶುಭಕಾರ್ಯಗಳಲ್ಲಿ ಶಾಲೆಗೆ ಕೊಡಬೇಕೆಂದು ಊರವರು ಕಟ್ಟುಪಾಡು ಮಾಡಿಕೊಂಡಿದ್ದರು. ಊರಿನಲ್ಲಿ ಔತಣವೆಂದರೆ ಈ ಶಾಲೆಯ ಹುಡುಗರಿಗೂ ಕೈಲಾದಷ್ಟು ಮಟ್ಟಿಗೆ ಊಟ ಹಾಕಬೇಕಿತ್ತು. ದೊರೆಯ ದಾನದ ಜೊತೆಗೆ ಗೃಹಸ್ಥನ ಚಿಲ್ಲರೆ ಕಾಸೂ ಶಾಲೆಯ ಅಡುಗೆಮನೆಗೆ ಸೇರುವ ಏರ್ಪಾಡು ಒಂದು ಸಾವಿರ ವರ್ಷದ ಹಿಂದೆಯೇ ನಡೆದಿತ್ತು ಎಂಬುದು ಗಮನಿಸಬೇಕಾದ ಸಂಗತಿ. ವಾರಾನ್ನದ ಲೆಕ್ಕವೂ ಇದೇ ಅಲ್ಲವೇ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವಿತ್ತು. ಅದನ್ನು ವರ್ಣಿಸುವ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಾಠಗಳನ್ನು ಒಂದೊಂದಾಗಿ ಎಣಿಸುತ್ತದೆ. ಅದೇ ಉಸಿರಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು ಎಲ್ಲರಿಗೂ ಅಲ್ಲಿ ಅನ್ನ ಸಿಗುತ್ತಿತ್ತೆಂದೂ, ರೋಗಿಗಳಿಗೆ ಔಷಧ ಕೊಡುತ್ತಿದ್ದರೆಂದೂ ಹೇಳುತ್ತದೆ. ಪಾಠಶಾಲೆ ಮತ್ತು ಅನ್ನಸತ್ರ ಒಂದೇ ಸೂರಿನ ಕೆಳಗಿದ್ದವು. ಆದರೆ ಅನ್ನಕ್ಕೆ ಕರೆದಷ್ಟು ಜನರನ್ನು ಪಾಠಕ್ಕೂ ಕರೆಯುತ್ತಿದ್ದರೆಂದು ಭಾವಿಸಲು ಆಧಾರವಿಲ್ಲ. ಊಟದ ಪಂಕ್ತಿ ಉದ್ದವಾಗಿತ್ತು. ಓದಿನ ಪಂಕ್ತಿ ಗಿಡ್ಡ.

ಯಾರ ಮನೆಯ ಬಾಗಿಲು?

ವಾರಾನ್ನವನ್ನು ನೆನೆಯುವವರು ಅಭಿಮಾನದಿಂದ ನೆನೆಯುತ್ತಾರೆ. ಅದರಲ್ಲಿ ತಪ್ಪಿಲ್ಲ. ಹೊಟ್ಟೆಗೆ ಹಾಕಿದ ಕೈಯನ್ನು ಮರೆಯಲಾಗದು. ಆದರೆ ಈ ಏರ್ಪಾಡಿನ ಚೌಕಟ್ಟು ಎಲ್ಲಿಗೆ ನಿಲ್ಲುತ್ತಿತ್ತು ಎಂಬುದನ್ನೂ ಹೇಳದಿದ್ದರೆ ಕತೆ ಅರ್ಧವಾಗುತ್ತದೆ.

ವಾರದ ಹುಡುಗ ಅಡುಗೆಮನೆಯ ಪಕ್ಕದ ಪಂಕ್ತಿಯಲ್ಲಿ ಕೂರಬೇಕು. ಹಾಗೆ ಕೂರಲು ಅವನು ಆ ಮನೆಯ ಜಾತಿಯವನೇ ಆಗಿರಬೇಕು, ಅನೇಕ ಕಡೆ ಒಳಪಂಗಡವೂ ಸರಿಹೊಂದಬೇಕು. ಪಟ್ಟಣದಲ್ಲಿ ಮನೆ ಮಾಡಿ, ಸಂಬಳದ ನೌಕರಿಯಲ್ಲಿದ್ದು, ಓದಿನ ಬೆಲೆ ಬಲ್ಲ ಕುಟುಂಬಗಳು ಆ ಕಾಲದಲ್ಲಿ ಬಹುಮಟ್ಟಿಗೆ ಬ್ರಾಹ್ಮಣರವು. ಹೀಗಾಗಿ ವಾರಾನ್ನದ ಹೆಚ್ಚಿನ ಫಲ ದೊರಕಿದ್ದು ಬಡ ಬ್ರಾಹ್ಮಣ ಹುಡುಗರಿಗೆ. ಒಕ್ಕಲಿಗರ ಹುಡುಗ, ಕುರುಬರ ಹುಡುಗ ಪಟ್ಟಣಕ್ಕೆ ಬಂದರೆ ಅವನಿಗೆ ಏಳು ಮನೆ ಎಲ್ಲಿಂದ ಬರಬೇಕು? ದಲಿತ ಹುಡುಗನಂತೂ ಆ ಬೀದಿಗೇ ಕಾಲಿಡುವ ಹಾಗಿರಲಿಲ್ಲ. ಇಬ್ಬರ ಹೊಟ್ಟೆಯ ಹಸಿವೂ ಒಂದೇ. ಒಬ್ಬನಿಗೆ ಏಳು ಬಾಗಿಲು, ಇನ್ನೊಬ್ಬನಿಗೆ ಒಂದೂ ಇಲ್ಲ.

ಹುಡುಗಿಯರ ಮಾತು ಇನ್ನೂ ಬೇರೆ. ‘ವಾರದ ಹುಡುಗಿ’ ಎಂಬ ಮಾತೇ ಕನ್ನಡದಲ್ಲಿಲ್ಲ. ಮೈಸೂರಿನ ಮಹಾರಾಣಿ ಶಾಲೆ 1881ರಷ್ಟು ಹಿಂದೆಯೇ ಆರಂಭವಾದರೂ ಅದರ ಬಾಗಿಲು ತಟ್ಟಲು ಸಾಧ್ಯವಾದದ್ದು ಬಹುತೇಕ ಆ ಊರಲ್ಲೇ ಮನೆಯಿದ್ದ ಹುಡುಗಿಯರಿಗೆ. ವಾರದ ಹುಡುಗನಿಗೆ ಅನ್ನ ಬೇಯಿಸಿ ಬಡಿಸುತ್ತಿದ್ದವರಲ್ಲಿ ತಲೆ ಬೋಳಿಸಿಕೊಂಡ ಎಳೆಯ ವಿಧವೆಯರೂ ಇರುತ್ತಿದ್ದರು. ಅವರಲ್ಲಿ ಎಷ್ಟು ಜನರಿಗೆ ಅಕ್ಷರ ಕಲಿಯುವ ಆಸೆ ಇತ್ತೋ ಯಾರು ಕೇಳಿದರು! ಧಾರವಾಡದ ಕಡೆ ಖಾನಾವಳಿ ನಡೆಸಿ ಸಂಸಾರ ತೂಗಿಸಿದ ಹೆಂಗಸರೂ ಇದ್ದರು. ಬೇಂದ್ರೆಯವರ ತಾಯಿ ಅಂಬವ್ವ ಮನೆ ನಡೆಸಿದ್ದು ಹಾಗೆಯೇ. ಮಗ ತಾಯಿಯ ಹೆಸರನ್ನೇ ತನ್ನ ಕಾವ್ಯನಾಮಕ್ಕೆ ಸೇರಿಸಿ ‘ಅಂಬಿಕಾತನಯ’ನಾದ.

ಹೀಗೆ ಹೊರಗುಳಿದವರ ಹಸಿವಿನಿಂದ ಹುಟ್ಟಿದ್ದು ಹಾಸ್ಟೆಲ್. ಇಂದು ಹಾಸ್ಟೆಲ್ ಎಂದರೆ ತಿಳಿಸಾರು, ತಿಗಣೆ ಮಂಚ, ವಾರ್ಡನ್ ಜೊತೆ ಜಗಳ ನೆನಪಾಗುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಒಂದು ಸಾಮಾಜಿಕ ಚಳವಳಿಯ ಹೆಸರು. ಧಾರವಾಡದಲ್ಲಿ ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ದಪ್ಪನವರ ಮುಂದಾಳತ್ವದಲ್ಲಿ 1883ರಲ್ಲೇ ಲಿಂಗಾಯತ ಹುಡುಗರ ಓದಿಗೆ ನಿಧಿ ಕೂಡಿಸುವ ಸಂಸ್ಥೆ ಹುಟ್ಟಿತು. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ವಿದ್ಯಾರ್ಥಿಗಳಿಗಾಗಿ ಅನಾಥಾಲಯ ತೆರೆದರು. ಬೆಂಗಳೂರು ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರಕ್ಕೆ ಸೇರಿದಂತೆ ವಿದ್ಯಾರ್ಥಿನಿಲಯವೂ ಬಂತು. ಒಕ್ಕಲಿಗರ ಸಂಘ 1906ರಲ್ಲಿ ಸ್ಥಾಪನೆಯಾಯಿತು. ಹಾಸ್ಟೆಲ್ ತೆರೆಯುವುದು ಇಂಥ ಸಂಘಗಳೆಲ್ಲದರ ಮೊದಲ ಕೆಲಸಗಳಲ್ಲೊಂದಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಮೂಲಕ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಮಧ್ಯಾಹ್ನದ ಊಟಕ್ಕೂ ಏರ್ಪಾಡು ಮಾಡಿದ್ದರು. ಹಸಿದ ಮಗು ಪಾಠ ಕೇಳದು ಎಂದು ಅವರಿಗೆ ಯಾವ ಆಯೋಗವೂ ವರದಿ ಕೊಡಬೇಕಾಗಿರಲಿಲ್ಲ.

ಗಡಿಯಾಚೆ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಲ್ಲಿ ಮರಾಠಾ ಬೋರ್ಡಿಂಗ್‌ನಿಂದ ಆರಂಭಿಸಿ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ದಲಿತರಿಗೆ ಒಂದೊಂದಾಗಿ ವಿದ್ಯಾರ್ಥಿನಿಲಯಗಳಿಗೆ ನೆರವಾದರು. ನಮ್ಮ ಬೆಳಗಾವಿ ಸೀಮೆಯ ಹುಡುಗರಿಗೆ ಕೊಲ್ಹಾಪುರ ದೂರದ ಊರಲ್ಲ. ಹೊರಗಿದ್ದವರನ್ನು ಒಳಗೆ ತಂದ ಈ ನಿಲಯಗಳೂ ಜಾತಿಯ ಹೆಸರಿನ ಹಲಗೆ ಹೊತ್ತೇ ನಿಂತವು ಎಂಬುದು ಮಾತ್ರ ವಿಚಿತ್ರ. ಬಾಗಿಲುಗಳ ಸಂಖ್ಯೆ ಹೆಚ್ಚಿತು, ಹೊಸ್ತಿಲು ಹಾಗೆಯೇ ಉಳಿಯಿತು.

ಆ ಹೊಸ್ತಿಲಿಗೆ ಒದೆ ಕೊಟ್ಟವರಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿ ಓದುತ್ತಿದ್ದ ಭಾವುರಾವ್ ಪಾಟೀಲ. ಹುಟ್ಟಿದ್ದು 1887ರಲ್ಲಿ, ಕುಂಭೋಜದಲ್ಲಿ. ಪೂರ್ವಜರು ಮೂಡುಬಿದಿರೆಯ ಕಡೆಯಿಂದ ಹೋದ ಜೈನರೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ದಲಿತ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ 1908ರಲ್ಲಿ ಆರಂಭವಾದಾಗ ಆ ಸಮಾರಂಭಕ್ಕೆ ಭಾವುರಾವ್ ಹೋಗಿ ಬಂದ. ಊಟದ ಮನೆಗೆ ಬರುವ ಮೊದಲು ಸ್ನಾನ ಮಾಡಬೇಕೆಂದು ಬೋರ್ಡಿಂಗ್‌ನವರು ಹೇಳಿದರು. ಮಾಡುವುದಿಲ್ಲವೆಂದು ಹುಡುಗ ಪಟ್ಟು ಹಿಡಿದ. ಬೋರ್ಡಿಂಗ್‌ನಿಂದ ಹೊರಬಿದ್ದ. ಒಂದು ಸ್ನಾನ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಊಟ ಮತ್ತು ಹಾಸಿಗೆ ಎರಡನ್ನೂ ಕಳೆದುಕೊಳ್ಳುವ ಧೈರ್ಯ ಪರರ ಅನ್ನದ ಮೇಲಿರುವ ವಿದ್ಯಾರ್ಥಿಗೆ ಸುಲಭವಾಗಿ ಬರುವಂಥದಲ್ಲ.

ಅದೇ ಭಾವುರಾವ್ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರಾದಲ್ಲಿ ಅವರು ತೆರೆದ ಬೋರ್ಡಿಂಗ್‌ನಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಇದ್ದು, ಒಂದೇ ಒಲೆಯ ಅಡುಗೆಯನ್ನು ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಗಾಂಧೀಜಿ 1927ರಲ್ಲಿ ಅಲ್ಲಿಗೆ ಬಂದು ಹೋದರು. ಅಡುಗೆ, ನೀರು, ಕಟ್ಟಿಗೆ, ಹೊಲದ ಕೆಲಸ ಎಲ್ಲವೂ ಹುಡುಗರದೇ. ದುಡಿಯುತ್ತ ಕಲಿ ಎಂಬುದು ಅಲ್ಲಿಯ ರೀತಿ. ದವಸ ತೀರಿದ ದಿನಗಳಲ್ಲಿ ಭಾವುರಾವ್ ಅವರ ಪತ್ನಿ ಲಕ್ಷ್ಮೀಬಾಯಿ ತಮ್ಮ ಮೈಮೇಲಿನ ಒಡವೆಗಳನ್ನು ಮಾರಿ ಹುಡುಗರಿಗೆ ಊಟ ಹಾಕಿದರು; ಕೊನೆಗೆ ಮಂಗಳಸೂತ್ರವೂ ಹೋಯಿತು.

ಆ ಕಾಲದ ಮುಂಬೈ ಪ್ರಾಂತದ ವಿದ್ಯಾರ್ಥಿನಿಲಯಗಳಲ್ಲಿ ‘ಮುಷ್ಟಿಫಂಡ್’ ಎಂಬ ಪದ್ಧತಿಯಿತ್ತು. ಅಡುಗೆಗೆ ಅಕ್ಕಿ ತೆಗೆಯುವಾಗ, ಬೀಸಲು ಜೋಳ ಹಾಕುವಾಗ ಮನೆಯಾಕೆ ಒಂದು ಹಿಡಿ ಬೇರೆ ಗಡಿಗೆಗೆ ಹಾಕಿಡುವುದು. ಹುಡುಗರು ಚೀಲ ಹಿಡಿದು ಬಂದು ಒಯ್ಯುವುದು. ಇದೂ ಸಾಲೋಟಗಿಯ ಲೆಕ್ಕವೇ, ವಾರಾನ್ನದ ಲೆಕ್ಕವೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಬೇಯಿಸಿದ ಅನ್ನಕ್ಕೆ ಜಾತಿಯಿದೆ, ಕಾಳಿಗೆ ಇಲ್ಲ. ಹಿಡಿ ಜೋಳ ಯಾರ ಮನೆಯಿಂದ ಬಂದರೂ ಚೀಲಕ್ಕೆ ಬಿದ್ದ ಮೇಲೆ ಒಂದಾಗುತ್ತದೆ. ಕೊಡುವವನ ಅಡುಗೆಮನೆಗೆ ಹುಡುಗ ಹೋಗಬೇಕಾಗಿಲ್ಲ, ಅವನ ಎದುರು ಕೂತು ಉಣ್ಣಬೇಕಾಗಿಲ್ಲ. ಸಿಕ್ಕ ಊಟಕ್ಕೆ ಕೃತಜ್ಞತೆಯ ಮುಖ ಹೊತ್ತು ಕೂರುವ ಕಷ್ಟವೂ ತಪ್ಪುತ್ತದೆ.

ಅಂಬೇಡ್ಕರ್ ಅವರ ಸಾರ್ವಜನಿಕ ಜೀವನದ ಮೊದಲ ಕೆಲಸಗಳಲ್ಲಿಯೂ ವಿದ್ಯಾರ್ಥಿನಿಲಯವಿದೆ. 1924ರಲ್ಲಿ ಸ್ಥಾಪನೆಯಾದ ಬಹಿಷ್ಕೃತ ಹಿತಕಾರಿಣಿ ಸಭಾ 1925ರ ಆರಂಭದಲ್ಲೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆಯಿತು. ಆಮೇಲೆ 1928ರಲ್ಲಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿಯ ಮೂಲಕ ನಡೆಸಲು ಪ್ರಾಂತ ಸರ್ಕಾರ ಐದು ಹಾಸ್ಟೆಲುಗಳಿಗೆ ಒಪ್ಪಿತು. ಆ ಐದರಲ್ಲಿ ಒಂದು ನಮ್ಮ ಧಾರವಾಡದ್ದು. ಧಾರವಾಡವೆಂದರೆ ಕವಿಗಳು, ಪೇಡೆ, ಹಿಂದೂಸ್ತಾನಿ ಸಂಗೀತ ಎಂದು ಪಟ್ಟಿ ಒಪ್ಪಿಸುವ ನಾವು ಇದನ್ನು ಸೇರಿಸಲು ಮರೆಯುತ್ತೇವೆ.

ಹಳೇ ಮೈಸೂರಿನಲ್ಲಿ ದಾಸೋಹದ ದಾರಿ ದೊಡ್ಡದಾಗಿ ಬೆಳೆಯಿತು. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ (1907-2019) ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತಾವೇ ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿದ್ದವರು. 1941ರಲ್ಲಿ ಮಠದ ಹೊಣೆ ಹೊತ್ತ ಮೇಲೆ ಅವರು ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ತಂದು ಒಲೆ ಆರದಂತೆ ನೋಡಿಕೊಂಡರು. ರೈತರು ಸುಗ್ಗಿಯಲ್ಲಿ ಕಣದಿಂದ ಮಠದ ಪಾಲು ತೆಗೆದಿಟ್ಟರು. ಬರಬರುತ್ತ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಹೋಯಿತು. ಜಾತಿ ಮತ ಕೇಳದೆ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿತ್ತು. ಮುದ್ದೆಯ ಹಿಟ್ಟನ್ನು ಸೌಟಿನಲ್ಲಲ್ಲ, ಉದ್ದನೆಯ ಮರದ ಕೋಲುಗಳಿಂದ ತೊಳಸುವ ಅಲ್ಲಿಯ ಒಲೆಯ ಮನೆಯನ್ನು ನೋಡಿದವರು ಮರೆಯಲಾರರು.

ಮೆಸ್ಸಿನ ಲೆಕ್ಕ

ಹಾಸ್ಟೆಲ್ ಬಂದ ಮೇಲೆ ವಿದ್ಯಾರ್ಥಿಯ ಕೈಗೆ ಹೊಸ ಕೆಲಸ ಬಂತು. ಅನೇಕ ಕಾಲೇಜು ಹಾಸ್ಟೆಲುಗಳಲ್ಲಿ ಮೆಸ್ಸು ನಡೆಸಿದ್ದು ವಿದ್ಯಾರ್ಥಿಗಳೇ. ತಿಂಗಳಿಗೊಬ್ಬ ಮೆಸ್ ಸೆಕ್ರೆಟರಿ; ಅವನು ಅಡುಗೆಯವರ ಜೊತೆ ಪೇಟೆಗೆ ಹೋಗಿ ತರಕಾರಿ ಚೌಕಾಸಿ ಮಾಡಬೇಕು, ಅಕ್ಕಿ ಮೂಟೆ ಎಣಿಸಬೇಕು, ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಉಂಡವರ ತಲೆಗಳಿಗೆ ಹಂಚಿ ಬಿಲ್ಲು ಹಾಕಬೇಕು. ಬಿಲ್ಲು ಹೆಚ್ಚಾದ ತಿಂಗಳು ಅವನ ಮರ್ಯಾದೆ ಉಳಿಯುತ್ತಿರಲಿಲ್ಲ. ಹಣವಿಲ್ಲದವನ ಬಾಕಿಯನ್ನು ಗೆಳೆಯರು ಸದ್ದಿಲ್ಲದೆ ತುಂಬಿದ, ರಜೆಗೆ ಊರಿಗೆ ಹೋಗಲಾಗದವನಿಗೆ ಅಡುಗೆಯವರು ಒಂದಿಷ್ಟು ಎತ್ತಿಟ್ಟ ಪ್ರಸಂಗಗಳನ್ನು ಹಾಸ್ಟೆಲಿನಲ್ಲಿದ್ದವರು ಯಾರನ್ನು ಕೇಳಿದರೂ ಹೇಳಿಯಾರು.

ಮೆಸ್ ಬಿಲ್ಲನ್ನು ಹಗುರವಾಗಿ ಕಾಣುವಂತಿಲ್ಲ. 1973ರ ಡಿಸೆಂಬರ್ 20ರಂದು ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಬೀದಿಗಿಳಿದದ್ದು ಹಾಸ್ಟೆಲಿನ ಊಟದ ದರ ಶೇಕಡ 20ರಷ್ಟು ಏರಿತೆಂದು. ಅದೇ ನವನಿರ್ಮಾಣ ಚಳವಳಿಯಾಗಿ ಗುಜರಾತನ್ನೆಲ್ಲ ಹಬ್ಬಿ, 1974ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆ ಕೊಡಬೇಕಾಯಿತು.

ನಮ್ಮಲ್ಲಿ ಅದೇ ಎಪ್ಪತ್ತರ ದಶಕದಲ್ಲಿ ದಲಿತ ವಿದ್ಯಾರ್ಥಿನಿಲಯಗಳು ಹೊಸ ದನಿಗಳ ತೊಟ್ಟಿಲಾದವು. ಕವಿ ಸಿದ್ಧಲಿಂಗಯ್ಯನವರ (1954-2021) ಆತ್ಮಕಥೆ ‘ಊರುಕೇರಿ’ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳು ಬರುತ್ತವೆ. ಹಸಿವನ್ನು ಅಲ್ಲಿ ಗೋಳಾಡದೆ, ನಗುನಗುತ್ತ ಹೇಳಿರುವ ರೀತಿ ಓದುಗನನ್ನು ಹೆಚ್ಚು ಕಲಕುತ್ತದೆ. ಭೈರಪ್ಪನವರ ‘ಭಿತ್ತಿ’ಯನ್ನೂ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ವಿಚಾರದಲ್ಲಿ ಇಬ್ಬರೂ ಬಹಳ ದೂರ. ಊಟದ ತಟ್ಟೆಯ ಮುಂದೆ ಮಾತ್ರ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಂತೆ ಕಾಣುತ್ತಾರೆ. ಒಬ್ಬರಿಗೆ ಮನೆಗಳಿದ್ದವು, ಇನ್ನೊಬ್ಬರಿಗೆ ಹಾಸ್ಟೆಲ್ ಇತ್ತು ಎಂಬುದಷ್ಟೇ ವ್ಯತ್ಯಾಸ. ಹಾಸ್ಟೆಲ್ ಇಲ್ಲದಿದ್ದರೆ ಎರಡನೆಯ ಪುಸ್ತಕ ನಮಗೆ ಸಿಗುತ್ತಿತ್ತೇ ಎಂಬುದು ಸಂಶಯ.

ತನ್ನ ಹಸಿವಿನಿಂದ ಊರಿನ ಹಸಿವಿನ ಕಡೆಗೆ ವಿದ್ಯಾರ್ಥಿಯ ಮುಖ ತಿರುಗಿಸುವ ಪ್ರಯತ್ನ ಸರ್ಕಾರದ ಕಡೆಯಿಂದ ಬಂದದ್ದು 1969ರಲ್ಲಿ, ಗಾಂಧೀ ಶತಮಾನೋತ್ಸವದ ವರ್ಷ. ಆಗಿನ ಕೇಂದ್ರ ಶಿಕ್ಷಣ ಸಚಿವ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದವರೂ ಅವರೇ. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳೊಂದಿಗೆ ಆರಂಭವಾದ ಎನ್ನೆಸ್ಸೆಸ್, ದಕ್ಷಿಣ ಮತ್ತು ಪಶ್ಚಿಮ ಭಾರತವನ್ನು ಬರ ಕಾಡಿದ ಮೇಲೆ 1973ರಲ್ಲಿ ‘ಕ್ಷಾಮದ ವಿರುದ್ಧ ಯುವಜನ’ ಎಂಬ ವಿಷಯವನ್ನೇ ಶಿಬಿರಗಳಿಗೆ ಕೊಟ್ಟಿತು. ಕೆರೆಯ ಹೂಳು ತೆಗೆಯುವುದು, ಬದು ಹಾಕುವುದು, ಬಾವಿ ತೋಡುವುದು. ಹಳ್ಳಿಯವರು ಬಂದು ನೋಡಿ, ಪಟ್ಟಣದ ಹುಡುಗರು ಗುದ್ದಲಿ ಹಿಡಿಯುವ ಚೆಂದಕ್ಕೆ ನಕ್ಕದ್ದೂ ಉಂಟು. ಇಂದಿನ ಶಿಬಿರಗಳಲ್ಲಿ ಎಷ್ಟೋ ಕಡೆ ಉದ್ಘಾಟನೆ, ಉಪನ್ಯಾಸ, ಸಮಾರೋಪಗಳೇ ಹೆಚ್ಚು ಸಮಯ ತಿನ್ನುತ್ತವೆ. ಗುದ್ದಲಿ ಫೋಟೋಕ್ಕೆ ಮಾತ್ರ ಹೊರಬರುತ್ತದೆ.

ಶಾಲೆಯ ಮಕ್ಕಳ ಮಟ್ಟಿಗೆ ಈಗ ಚಿತ್ರ ಬದಲಾಗಿದೆ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ರಾಜ್ಯಕ್ಕೆ ವಿಸ್ತರಿಸಿತು. ಸಾಲೋಟಗಿ ಇರುವ ಇಂಡಿ ತಾಲ್ಲೂಕಿನ ಶಾಲೆಯಲ್ಲೂ ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೆಯುತ್ತದೆ. ತೊಡಕು ಇರುವುದು ಶಾಲೆ ದಾಟಿ ಕಾಲೇಜಿಗೆ ಬಂದ ಮೇಲೆ. ಹಾಸ್ಟೆಲುಗಳಲ್ಲಿ ಇರುವ ಜಾಗಕ್ಕಿಂತ ಅರ್ಜಿಗಳು ಹೆಚ್ಚು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ರಾಜ್ಯ ಸರ್ಕಾರ ವಿದ್ಯಾಸಿರಿ ಯೋಜನೆ ತಂದಿತು. ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ದಿನಕ್ಕೆ ಹಂಚಿದರೆ 50 ರೂಪಾಯಿ. ಅದರಲ್ಲಿ ಕೋಣೆಯ ಬಾಡಿಗೆಯೂ ಸೇರಬೇಕು, ಎರಡು ಹೊತ್ತಿನ ಊಟವೂ ಸೇರಬೇಕು.

ಓದುವವನ ಹಸಿವು ಬಡದೇಶಗಳಿಗೆ ಮೀಸಲೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗಾಗಿ ಆಹಾರ ಬ್ಯಾಂಕ್ ತೆರೆದರು. ಆಮೇಲೆ ಆ ದೇಶದ ನೂರಾರು ಕಾಲೇಜುಗಳಲ್ಲಿ ಇಂಥವು ಹುಟ್ಟಿಕೊಂಡಿವೆ. ಅಲ್ಲಿ ಡಬ್ಬಿ, ಪೊಟ್ಟಣಗಳ ದವಸ. ನಮ್ಮ ಮುಷ್ಟಿಫಂಡಿನ ಹಾಗೆಯೇ ಬೇಯಿಸದ್ದು.

ಉತ್ತರ ಕರ್ನಾಟಕದ ಹುಡುಗರು ಇನ್ನೊಂದು ಉಪಾಯ ಇಟ್ಟುಕೊಂಡಿದ್ದಾರೆ. ನಾಲ್ಕೈದು ಮಂದಿ ಕೂಡಿ ಒಂದು ಕೋಣೆ ಹಿಡಿಯುವುದು. ಊರಿನಿಂದ ಅಕ್ಕಿ, ಜೋಳ, ಬೇಳೆ ತರುವುದು; ಯಾರ ಹೊಲದಲ್ಲಿ ಏನು ಬೆಳೆದಿದೆಯೋ ಅದು ಎಲ್ಲರದು. ಇನ್ನು ಊರು ಹತ್ತಿರವಿದ್ದವರಿಗೆ ಬುತ್ತಿ ಬಸ್ಸಿನಲ್ಲೇ ಬರುತ್ತದೆ. ಬೆಳಗಿನ ಮೊದಲ ಬಸ್ಸಿಗೆ ತಾಯಂದಿರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿ, ಗಂಟಿನ ಮೇಲೆ ಹೆಸರು ಬರೆದು ಡ್ರೈವರ್ ಹತ್ತಿರ ಕೊಟ್ಟು ಕಳಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಹುಡುಗರ ಜೊತೆ ಹುಡುಗಿಯರೂ ಕಾದು ನಿಂತಿರುತ್ತಾರೆ. ಬಸ್ಸು ಬಂದು ನಿಂತ ಕೂಡಲೇ ಗಂಟುಗಳು ಕೈ ಸೇರುತ್ತವೆ. ತನ್ನೂರಿನ ಬಸ್ಸು ಕೆಟ್ಟು ನಿಂತವನಿಗೆ ಪಕ್ಕದ ಊರಿನವನ ಗಂಟಿನಿಂದ ಎರಡು ರೊಟ್ಟಿ ಸಲ್ಲುತ್ತವೆ.